ಪಾಪಮ್ಮ ಹಿಂಡಿದ ಮೋಸಂಬಿ

21 ನವೆಂಬರ್ 2024, ಗುರುವಾರ

ನನ್ನ ಪ್ರಯೋಗದ ಲೆಕ್ಕ ಕೆಟ್ಟಿದೆ, ಆದರೂ ಮನಸ್ಸು ಹಗುರವಾಗಿದೆ.

ಎರಡು ವಾರದ ಹಿಂದೆ ಕುಂದಾಣದ ವೆಂಕಟರಮಣಪ್ಪನವರ ತೋಟದ ನಲವತ್ತು ಮೋಸಂಬಿಗಳನ್ನು ನಮ್ಮ ಲ್ಯಾಬಿನ ಬ್ಯಾಕ್ಟೀರಿಯಾ ಬೆರೆಸಿದ ನೀರಿನಲ್ಲಿ ಅದ್ದಿಟ್ಟಿದ್ದೆ. ಅದು ಬೂಷ್ಟನ್ನು ತಡೆಯುತ್ತದೆ, ತಿನ್ನುವವರಿಗೆ ತೊಂದರೆಯಿಲ್ಲ. ಇನ್ನು ನಲವತ್ತನ್ನು ಬರೀ ನೀರಿನಲ್ಲಿ ಅದ್ದಿದ್ದೆ. "ಕ್ರಿಮಿ ಹಚ್ಚಿದ ಹಣ್ಣು ನಮ್ಮನೆ ಒಳಕ್ಕೆ ಬ್ಯಾಡ" ಎಂದು ಅವರ ಹೆಂಡತಿ ಪಾಪಮ್ಮ ಎರಡೂ ಬುಟ್ಟಿಗಳನ್ನು ಜಗಲಿಯಲ್ಲೇ ಇರಿಸಿದ್ದರು.

ಇವತ್ತು ಹೋಗಿ ಎಣಿಸಿದೆ. ಬರೀ ನೀರಿನ ಬುಟ್ಟಿಯಲ್ಲಿ ಹದಿನೇಳು ಹಣ್ಣಿಗೆ ಹಸಿರು ಬೂಷ್ಟು ಹಿಡಿದಿತ್ತು, ನನ್ನದರಲ್ಲಿ ಎರಡಕ್ಕೆ ಮಾತ್ರ. ಆದರೆ ನನ್ನ ಬುಟ್ಟಿಯಲ್ಲಿ ಇದ್ದದ್ದೇ ಮೂವತ್ತೊಂದು! ಕೊಳೆತವನ್ನು ಯಾರಾದರೂ ಎಸೆದಿರಾ ಎಂದು ಕೇಳಿದೆ.

"ಎಸೀಲಿಲ್ಲ ಕಣಮ್ಮ ಸುಮೇರಾ," ಎಂದರು ಪಾಪಮ್ಮ, ನಾಚಿಕೊಂಡು. "ಮೊನ್ನೆ ನೆಂಟ್ರು ಬಂದ್ಬಿಟ್ರು. ಗಟ್ಟಿಗಿರೋ ಹಣ್ಣು ಆ ಬುಟ್ಟೀಲೇ ಇದ್ದಿದ್ದು. ಜ್ಯೂಸ್ ಮಾಡ್ಕೊಟ್ಟೆ. ನಾನೂ ಕುಡಿದೆ."

ವೆಂಕಟರಮಣಪ್ಪನವರು ಜೋರಾಗಿ ನಕ್ಕರು. "ಮುಂದಿನ್ ಸಲ ಕಿತ್ತಿದ್ದನ್ನೆಲ್ಲಾ ಆ ಕ್ರಿಮಿ ನೀರಲ್ಲೇ ಅದ್ಬಿಡೋಣ ಬಿಡಮ್ಮ."

ವರದಿಯಲ್ಲಿ ಆ ಒಂಬತ್ತು ಹಣ್ಣಿನ ಬಗ್ಗೆ ಏನು ಬರೆಯಲಿ? ಕಾಣೆಯಾದವು ಎಂದರೆ ಸುಳ್ಳಾಗುತ್ತದೆ. ಪಾಪಮ್ಮನವರು ನಂಬಿ ಹಿಂಡಿದರು ಎಂದೇ ಬರೆಯುತ್ತೇನೆ. ಲ್ಯಾಬಿನ ಮೇಡಂ ಬೈದರೆ ಬೈಯಲಿ, ನಾನಂತೂ ಆ ಸಾಲನ್ನು ಅಳಿಸುವುದಿಲ್ಲ.