ಐದನೇ ಬೆಂಚಿನ ಬೆಳಕು

ಮಂಗಳವಾರ, ಮಧ್ಯಾಹ್ನ

ನಮ್ಮ ಹುಡುಗಿಯ ಅಪ್ಪನಿಗೆ,

ಎಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ. ಏನೆಂದು ಕರೆಯಬೇಕೋ ತಿಳಿಯದೆ ಹೀಗೆ ಶುರು ಮಾಡಿದೆ. ಶನಿವಾರದ ಮದುವೆಗೆ ಮಗಳನ್ನು ಚರ್ಚಿನೊಳಗೆ ನಡೆಸಿಕೊಂಡು ಬರುವವರು ನೀವು, ಫೋಟೊ ತೆಗೆಯುವವಳು ನಾನು. ಅದಕ್ಕಷ್ಟೇ ಈ ಕಾಗದ, ಬೇರೆ ಅರ್ಥ ಹುಡುಕಬೇಡಿ.

ನಿನ್ನೆ ಹೋಗಿ ಜಾಗ ನೋಡಿ ಬಂದೆ. ನಾವಿಬ್ಬರೂ ಸೇರಿ ಮದುವೆ ಫೋಟೊ ತೆಗೆದ ಯಾವ ಚರ್ಚಿನಲ್ಲೂ ಇಷ್ಟು ಕತ್ತಲೆಯಿರಲಿಲ್ಲ. ಫ್ಲಾಶ್ ಕೂಡದು ಎಂದರು ಪಾದ್ರಿಗಳು. ವಧೂವರರು ಮಾತು ಕೊಡುವ ಹೊತ್ತಿನಲ್ಲಿ ಶಟರ್ ಸದ್ದೂ ಕೇಳಬಾರದಂತೆ. ಪೀಠದ ಬಲಕ್ಕಿರುವ ಕಂಬದ ಪಕ್ಕ ನಿಲ್ಲಬೇಕು, ಮುಗಿಯುವ ತನಕ ಅಲ್ಲಿಂದ ಕದಲುವಂತಿಲ್ಲ.

ಒಳಗೆಲ್ಲ ಹಳದಿ ಬಲ್ಬು, ಪಕ್ಕದಲ್ಲಿ ಬಣ್ಣದ ಗಾಜು. ಮುಖಕ್ಕೆ ಬೆಳಕು ಹೊಂದಿಸಿದರೆ ಬಿಳಿ ಗೌನು ಸುಣ್ಣ ಬಳಿದ ಗೋಡೆಯಾಗುತ್ತದೆ, ಗೌನಿಗೆ ಹೊಂದಿಸಿದರೆ ಮುಖ ಕಾಣುವುದಿಲ್ಲ. ಅತ್ತ ದರಿ ಇತ್ತ ಪುಲಿ. ಹನ್ನೊಂದು ಗಂಟೆಗೆ ಎಂಟನೇ ಬೆಂಚಿನ ಹತ್ತಿರ ಕೆಂಪು ಬೆಳಕು ಬೀಳುತ್ತದೆ. ಅಲ್ಲಿ ನಿಲ್ಲಲೇಬೇಡಿ, ಹುಡುಗಿಯ ಕೆನ್ನೆಗೆ ಯಾರೋ ಬಾರಿಸಿದ ಹಾಗೆ ಕಾಣುತ್ತದೆ. ಐದನೇ ಬೆಂಚಿನ ಕಿಟಕಿಯಲ್ಲಿ ಒಡೆದ ಗಾಜಿನ ಬದಲು ಬರಿಯ ಗಾಜು ಹಾಕಿದ್ದಾರೆ. ಇಡೀ ಚರ್ಚಿನಲ್ಲಿ ನೆಟ್ಟಗಿನ ಬೆಳಕು ಅದೊಂದೇ. ಅವಳ ಮುಸುಕು ಸರಿಮಾಡುವವರ ಹಾಗೆ ಅಲ್ಲಿ ಎರಡು ಉಸಿರಿನಷ್ಟು ಹೊತ್ತು ತಡೆಯಿರಿ. ಆ ಕತ್ತಲೆಗೆ ಶಟರ್ ನಿಧಾನಕ್ಕೆ ಇಡಬೇಕು, ಅಲುಗಾಡಿದರೆ ಫೋಟೊದಲ್ಲಿ ಇಬ್ಬರೂ ಹೊಗೆಯಾಗುತ್ತೀರಿ. ನಿಮಗೋ ಮೊದಲಿನಿಂದಲೂ ಕಾಲಲ್ಲಿ ಚಕ್ರ. ಅವತ್ತೊಂದು ದಿನ ನಿಲ್ಲಿ.

ನೆನಪಿದೆಯೇ, ಆಗೆಲ್ಲ ನೀವು ಬಾಗಿಲಲ್ಲಿ, ನಾನು ಪೀಠದ ಹತ್ತಿರ. ಮಾತಾಡುವಂತಿಲ್ಲ, ಎಲ್ಲ ಸನ್ನೆಯಲ್ಲೇ. ಕಿವಿ ಮುಟ್ಟಿಕೊಂಡರೆ ಅಲ್ಲಿ ಬೆಳಕು ಸಾಲದು, ಇತ್ತ ಬಾ ಎಂದು. ಮೂಗು ಮುಟ್ಟಿಕೊಂಡರೆ ಯಾರದೋ ಸೋದರಮಾವ ಅಡ್ಡ ನಿಂತಿದ್ದಾನೆ ಎಂದು. ಚರ್ಚಿನಲ್ಲಿ ನಾವು ಒಂದು ದಿನವೂ ಜಗಳವಾಡಲಿಲ್ಲ. ಮನೆಯಲ್ಲಿ ಬಾಯಿ ಇತ್ತಲ್ಲ, ಅಲ್ಲೇ ಕೆಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನಮ್ಮ ಸುಮ್ಮನೆ ಹೇಳುತ್ತಿರಲಿಲ್ಲ.

ಮಗಳು ನನ್ನನ್ನು ಕೇಳಿದ್ದು ಒಂದೇ. ಉಡುಗೊರೆ ಗಿಡುಗೊರೆ ಏನೂ ಬೇಡಮ್ಮ, ಅವತ್ತೊಂದು ಗಂಟೆ ನೀನೂ ಅಪ್ಪನೂ ಒಂದೇ ಬೆಂಚಲ್ಲಿ ಕೂತ್ಕೊಳ್ಳಿ, ಸಾಕು ಎಂದಳು. ನಾನು ಪಾದ್ರಿಗಳ ಕಂಬದ ನಿಯಮ ಹೇಳಿದೆ. ಸರಿ ಬಿಡು ಎಂದು ಒಳಗೆ ಹೋದವಳು ಊಟಕ್ಕೂ ಬರಲಿಲ್ಲ. ನಾನೇನು ಮಾಡಲಿ, ಹೇಳಿ. ನನಗೂ ಸಾಕಾಗಿದೆ. ಮೂವತ್ತು ವರ್ಷ ಕಂಡವರ ಮದುವೆಯಲ್ಲಿ ನಿಂತೂ ನಿಂತೂ ಮಂಡಿ ಸವೆದಿದೆ. ಈಗ ಯಾರಾದರೂ ಕೂತ್ಕೊ ಎಂದರೆ ಎಲ್ಲಿ ಎಂದೂ ಕೇಳದೆ ಕೂರುವ ಸ್ಥಿತಿ.

ಹತ್ತೂವರೆಗೆ ಬಂದುಬಿಡಿ. ಕಪ್ಪು ಕೋಟು ಬೇಡ, ಆ ಕತ್ತಲೆಯಲ್ಲಿ ಬರೀ ತಲೆ ತೇಲಿದ ಹಾಗೆ ಬರುತ್ತದೆ. ಬೂದು ಬಣ್ಣದ್ದು ಇನ್ನೂ ಮೈಗೆ ಹಿಡಿಸುತ್ತಿದ್ದರೆ ಅದನ್ನೇ ಹಾಕಿಕೊಳ್ಳಿ.

ಇಂತಿ,
ಹುಡುಗಿಯ ಅಮ್ಮ

ಮತ್ತೊಂದು ಮಾತು: ಫ್ಲಾಶ್ ಬೇಡ, ಸದ್ದು ಬೇಡ ಎಂದದ್ದು ಪಾದ್ರಿಗಳೇ. ಕಂಬದ ನಿಯಮ ಮಾತ್ರ ನನ್ನದು. ಹೆತ್ತ ತಾಯಿ ನೀವು, ಮುಂದಿನ ಬೆಂಚಲ್ಲಿ ಕೂತುಕೊಂಡೇ ತೆಗೀರಮ್ಮ ಎಂದಿದ್ದರು ಅವರು. ನಾನೇ ಬೇಡವೆಂದೆ. ನಿಮ್ಮ ಪಕ್ಕ ಕೂತರೆ ನನ್ನ ಕೈ ನಡುಗುತ್ತದೆ, ಆ ಬೆಳಕಿನಲ್ಲಿ ಕೈ ನಡುಗಿದರೆ ಒಂದು ಫೋಟೊವೂ ಉಳಿಯುವುದಿಲ್ಲ. ಇದನ್ನು ಮಗಳಿಗೆ ಹೇಳಬೇಡಿ. ಅವಳನ್ನು ಒಪ್ಪಿಸಿ ಬಂದ ಮೇಲೆ ಬೆಂಚಿನಲ್ಲಿ ಒಬ್ಬರ ಜಾಗ ಬಿಟ್ಟು ಕೂರಿ. ನಾನು ಕಂಬದ ಹತ್ತಿರದಿಂದ ನೋಡುತ್ತಿರುತ್ತೇನೆ. ನೀವೊಮ್ಮೆ ಕಿವಿ ಮುಟ್ಟಿಕೊಂಡರೆ ಬರುತ್ತೇನೆ.