ಯಾರ ಬೆನ್ನಿಗೆ ಈ ಮೆತ್ತನೆ ಸೀಟು

ಮಾವನವರೇ,

ರೊಟ್ಟಿ ಡಬ್ಬಿಯಲ್ಲಿದೆ, ಎಣ್ಣೆಗಾಯಿ ಒಲೆಯ ಪಕ್ಕದಲ್ಲಿದೆ. ಮಧ್ಯಾಹ್ನದ ಮಾತ್ರೆ ಮರೆಯಬೇಡಿ.

ಇನ್ನು ಮೋಟರ್‌ಸೈಕಲ್ಲಿನ ವಿಷಯ. "ಪಾಪ, ಮಗ ಆಫೀಸ್ ಕೆಲಸಕ್ಕೆ ಊರೂರು ಸುತ್ತುತ್ತಾನೆ, ಬೆನ್ನು ನೋಯುತ್ತೆ ಕಣಮ್ಮ" ಎಂದು ಹೇಳಿ ಕುರುಬರಹಳ್ಳಿ ಮೆಕ್ಯಾನಿಕ್ ಕೈಲಿ ಹ್ಯಾಂಡಲ್ ಎತ್ತರಿಸಿ ಹಿಂದಕ್ಕೆ ಎಳೆಸಿದಿರಿ. ನಾನು ನಂಬಿದೆ. ಇವತ್ತು ನಿಮ್ಮ ಮಗ ಬಸ್ಸಿನಲ್ಲಿ ಹೋದರು. ಗಾಡಿ ಮೇಲೆ ಕೂತರೆ ಮೊಣಕೈ ಹೊಟ್ಟೆಗೆ ತಾಗುತ್ತದಂತೆ. ಈ ಮನೆಯಲ್ಲಿ ಬಗ್ಗದ ಬೆನ್ನು ಯಾರದು ಎಂದು ನನಗೆ ಗೊತ್ತಿದೆ. ಹ್ಯಾಂಡಲ್ಲಿನ ಹೊಸ ರಬ್ಬರ್ ಮೇಲೆ ವಿಭೂತಿಯ ಬೆರಳಚ್ಚು ಬೇರೆ. ನಿಮ್ಮ ಮಗ ವಿಭೂತಿ ಮುಟ್ಟುವುದು ಶಿವರಾತ್ರಿಗೆ ಮಾತ್ರ.

ಹಿಂದಿನ ಸೀಟಂತೂ ಇನ್ನೂ ಮೆತ್ತಗಿದೆ. ರೆಕ್ಸಿನ್ ಹೊಲಿಗೆ ಒಂದು ಕಡೆ ಬಿಟ್ಟಿತ್ತು, ಬೆರಳು ಹಾಕಿ ನೋಡಿದೆ. ಒಳಗಿರುವುದು ಅತ್ತೆಯವರು ಹೊದೆಯುತ್ತಿದ್ದ ಕೌದಿ. "ಇಲಿ ಕಡಿದಿತ್ತು, ಬಿಸಾಕಿದೆ" ಎಂದಿದ್ದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ನಿನ್ನೆಯಿಂದ ಅವರ ಸ್ವೆಟರ್ ಬಿಸಿಲಿಗೆ ಬಿದ್ದಿದೆ, ಈ ಏಪ್ರಿಲ್‌ನಲ್ಲಿ.

ನಿಮಗೆ ಎದೆನೋವು ಬಂದಾಗ "ಗಾಡಿ ಮುಟ್ಟಲೇಬೇಡಿ" ಎಂದು ಡಾಕ್ಟರು ಹೇಳಿದ್ದನ್ನು ಇಬ್ಬರೂ ಮರೆತ ಹಾಗಿದೆ.

ಎಲ್ಲಿಗೆ ಹೊರಟಿದ್ದೀರಿ ಎಂದು ಸಂಜೆ ಬಂದು ನಿಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಕೇಳುತ್ತೇನೆ. ಬಸ್ಸಿದ್ದರೆ ನಾನೇ ಟಿಕೆಟ್ ಮಾಡಿಸುತ್ತೇನೆ.

ಅಷ್ಟರೊಳಗೆ ಸುಮ್ಮನೆ ಕಿಕ್ ಹೊಡೆದು ಸುಸ್ತಾಗಬೇಡಿ. ಸ್ಪಾರ್ಕ್ ಪ್ಲಗ್ ನನ್ನ ಊಟದ ಚೀಲದಲ್ಲಿದೆ. ಅದನ್ನು ಬಿಚ್ಚುವುದು ಹೇಗೆಂದು ಕಲಿಸಿಕೊಟ್ಟವರು ನೀವೇ.

ನಿಮ್ಮ ಸೊಸೆ,
ಶಿವಲೀಲಾ