ಮದುವೆಯ ಮೀನು

ಸ್ಫಾಕ್ಸ್, ಗುರುವಾರ

ರಿದಾ ಅಣ್ಣನಿಗೆ,

ಕಡಲಲ್ಲಿ ಪಂಜರವಿಟ್ಟು ಮೀನು ಸಾಕುವ ಕಂಪನಿಯನ್ನು ಮುಚ್ಚಿಸಬೇಕೆಂದು ನಿಮ್ಮ ಮೀನುಗಾರರು ಬರೆದ ಮನವಿ ತಲುಪಿತು. ಎರಡು ದಿನವಾದರೂ ಸಹಿ ಮಾಡಲಾಗಿಲ್ಲ.

ನನ್ನ ಮಗಳು ದುರ್ಸಾಫ್ ಮತ್ತು ಅಳಿಯ ಮದುವೆಯಲ್ಲಿ ನಮ್ಮೂರ ಶಾಸ್ತ್ರದಂತೆ ಏಳು ಸಲ ದಾಟಿದ ಮೀನನ್ನು ನೀನು ತಟ್ಟಿ, "ನೋಡ್ರೋ, ಈಜಿ ಬೆಳೆದ ಮೈ ಇದು! ಪಂಜರದ ಸೋಮಾರಿಗೆ ಎಲ್ಲಿಂದ ಬರ್ಬೇಕು?" ಎಂದೆ. ಆಮೇಲೆ ಎರಡು ಸಲ ಬಡಿಸಿಕೊಂಡೆ. ಅಣ್ಣಾ, ಅದು ಮಹದಿಯಾ ಬಂದರಿನ ದೋಣಿಯವರು ಹಿಡಿದದ್ದೆಂದು ಸುಳ್ಳು ಹೇಳಿದ್ದೆ. ತಂದದ್ದು ಆ ಪಂಜರದಿಂದಲೇ.

ಪಂಜರಗಳ ಕೊಳೆಯಿಂದ ಸತ್ತು ದಡಕ್ಕೆ ಬಿದ್ದ ಕಡಲಹುಲ್ಲನ್ನೂ ಕಂಡಿದ್ದೇನೆ, ಕಂಪನಿಯಲ್ಲಿ ದುಡಿಯುವ ನೆರೆಯ ಹೆಂಗಸರನ್ನೂ ಕಂಡಿದ್ದೇನೆ. ಯಾವ ಕಡೆ ನಿಲ್ಲಲಿ, ತಿಳಿಯುತ್ತಿಲ್ಲ.

"ಸಾಕಿದ ಮೀನು ತಿನ್ನಲು ಯೋಗ್ಯವಲ್ಲ" ಎಂಬ ಮನವಿಯ ಸಾಲನ್ನು ನೀನೇ ಹೊಡೆದುಹಾಕಿ ಕಳಿಸು. ಉಳಿದದ್ದರ ಬಗ್ಗೆ ಗೊಂದಲವಿದ್ದರೂ ಸಹಿ ಮಾಡುತ್ತೇನೆ. ಆ ಮೀನಿನ ವಿಷಯ ದುರ್ಸಾಫಳಿಗೆ ಮಾತ್ರ ಹೇಳಬೇಡ.

ನಿನ್ನ ತಂಗಿ,
ನಜೀಹಾ